ನಿಘಂಟಿನ ಮಾತು, ತೋಟದ ಮಾತು

ಸುಳ್ಯ ತಾಲೂಕಿನ ಗುತ್ತಿಗಾರಿನಲ್ಲಿ ಬೆಳೆಯುವ ಬಾಲಕನಿಗೆ ಭಾಷೆಗಳ ಬಡತನವಿಲ್ಲ. ಮನೆಯಲ್ಲಿ ಅರೆಭಾಷೆಯನ್ನೋ ತುಳುವನ್ನೋ ಆಡುತ್ತಾನೆ. ಪೇಟೆಯಲ್ಲಿ ಮಲಯಾಳವೂ ಕಿವಿಗೆ ಬೀಳುತ್ತದೆ. ಶಾಲೆಯಲ್ಲಿ ಕನ್ನಡವನ್ನು ಓದಿ ಬರೆಯುತ್ತಾನೆ. ಆಡುಮಾತುಗಳನ್ನು ಅವನು ಶಬ್ದಾರ್ಥಗಳ ಪಟ್ಟಿಯನ್ನು ಉರುಹೊಡೆದು ಕಲಿತವನಲ್ಲ. ಇಂಗ್ಲಿಷಿನ ಸರದಿ ಬಂದೊಡನೆ ಕಲಿಕೆಯ ಕ್ರಮವೇ ಬದಲಾಗುತ್ತದೆ. ದಿನಕ್ಕೆ ಹತ್ತು ಕಠಿಣ ಪದಗಳು, ಅವುಗಳ ಎದುರಿಗೆ ಹತ್ತು ವ್ಯಾಖ್ಯೆಗಳು; ಬೆಳಗ್ಗೆ ಬಾಯಿಪಾಠ, ಸಂಜೆಗೆ ಮರೆವು.

‘ಫಂಗಿಸೈಡ್’ ಎಂಬ ಪದವನ್ನೇ ತೆಗೆದುಕೊಳ್ಳಬಹುದು. ಶಿಲೀಂಧ್ರವನ್ನು ನಾಶಪಡಿಸುವ ವಸ್ತು ಎಂದು ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಬರೆಯುತ್ತಾನೆ. ಮಳೆಗಾಲದಲ್ಲಿ ಅವನ ಮನೆಯವರೇ ಮೈಲುತುತ್ತನ್ನೂ ಸುಣ್ಣವನ್ನೂ ನೀರಿನಲ್ಲಿ ಬೆರೆಸಿ, ಕೊಳೆರೋಗ ತಗಲದಂತೆ ಅಡಿಕೆಗೆ ಮದ್ದು ಬಿಡುತ್ತಾರಲ್ಲ, ಆ ಮದ್ದೂ ಇದೇ ಪದದೊಳಗೆ ಸೇರಿದೆಯೆಂಬುದು ಮಾತ್ರ ಅವನಿಗೆ ಹೊಳೆದಿರುವುದಿಲ್ಲ. ಅದಕ್ಕೆ ಬೋರ್ಡೋ ದ್ರಾವಣವೆಂಬ ಹೆಸರು ಬಂದುದು ಫ್ರಾನ್ಸಿನ ದ್ರಾಕ್ಷಿತೋಟಗಳ ಸೀಮೆಯಿಂದ. ಕೊಳೆರೋಗವನ್ನು ತರುವ ‘ಫೈಟಾಫ್ತರಾ’ ಎಂಬ ಹೆಸರಿಗೆ ಗ್ರೀಕ್ ಮೂಲದಲ್ಲಿ ಗಿಡವನ್ನು ನಾಶಮಾಡುವುದು ಎಂದರ್ಥ. ಇಷ್ಟನ್ನು ತೋಟದ ಬದಿಯಲ್ಲಿ ನಿಂತು ಹೇಳಿದರೆ ಸಾಕು. ಮರೆಯೆಂದರೂ ಅವನು ಮರೆಯಲಾರ.

ಅಡಿಕೆಗೆ ಇಂಗ್ಲಿಷಿನಲ್ಲಿ ‘ಅರೆಕಾ’ ಎಂಬ ಹೆಸರಿದೆ. ಇದನ್ನು ಪರದೇಶದ ಪದವೆಂದು ಗುತ್ತಿಗಾರಿನಲ್ಲಿ ಕುಳಿತು ಉರುಹೊಡೆಯುವುದು ವಿನೋದವೇ ಸರಿ. ಮಲಯಾಳದ ‘ಅಡಕ್ಕ’ ಪೋರ್ಚುಗೀಸರ ಬಾಯಲ್ಲಿ ರೂಪಾಂತರ ಹೊಂದಿ ಇಂಗ್ಲಿಷನ್ನು ಸೇರಿತು. ಹಲಸಿನ ‘ಚಕ್ಕ’ ‘ಜ್ಯಾಕ್’ ಆಯಿತು. ತೇಗದ ‘ತೇಕ್ಕು’ ‘ಟೀಕ್’ ಆಯಿತು. ಕೊಬ್ಬರಿಯ ಬಂಧುವಾದ ‘ಕೊಪ್ಪರ’ ‘ಕೋಪ್ರಾ’ ಆಯಿತು. ಹಿಂದೆ ಕರಾವಳಿಯಲ್ಲಿ ಹಡಗು ಹತ್ತಿದ ಮಾತುಗಳೇ ಈಗ ಪಾಠಪುಸ್ತಕದಲ್ಲಿ ಅಪರಿಚಿತರ ವೇಷದಲ್ಲಿ ಮರಳಿವೆ.

1853ರಲ್ಲಿ ಜರ್ಮನಿಯಿಂದ ಬಂದ ಫರ್ಡಿನೆಂಡ್ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಅದು ಅರ್ಥವನ್ನಷ್ಟೇ ಹೇಳಿ ಸುಮ್ಮನಾಗದು. ಗ್ರಂಥಗಳ ಪ್ರಯೋಗವನ್ನೂ ಜನರ ಗಾದೆಗಳನ್ನೂ ಜೊತೆಗಿಡುತ್ತದೆ. ನಿಘಂಟುಕಾರರಿಗೇ ಅರ್ಥ ಸಾಲದೆ ಪ್ರಯೋಗ ಬೇಕಾಯಿತೆಂದ ಮೇಲೆ, ವಿದ್ಯಾರ್ಥಿಗೆ ಬರಿಯ ಪಟ್ಟಿ ಸಾಕಾದೀತೆ?

ಇಂಗ್ಲಿಷಿನ ಉನ್ನತ ಶಬ್ದಸಂಪತ್ತು ಬೇಡವೆಂದು ಇದರ ಅರ್ಥವಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಸುಳ್ಯಕ್ಕೋ ಪುತ್ತೂರಿಗೋ ಹೋಗಿ ವಿಜ್ಞಾನವನ್ನು ಆರಿಸಿದ ಹುಡುಗಿಗೆ ಅದು ಅನ್ನದಷ್ಟೇ ಅಗತ್ಯ. ವಿಷಯ ತಿಳಿದಿದ್ದೂ ಪದ ತಿಳಿಯದೆ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತು, ತಾನು ದಡ್ಡಿಯೆಂದೇ ನಂಬಿ ಓದನ್ನು ಬಿಡುವವರುಂಟು. ‘ಫೋಟೋಸಿಂಥೆಸಿಸ್’ ಎದುರಾದಾಗ ಅವಳಿಗೆ ಕನ್ನಡದಲ್ಲಿ ಕಲಿತ ‘ದ್ಯುತಿಸಂಶ್ಲೇಷಣೆ’ ನೆರವಾಗಬೇಕಿತ್ತು. ಆದರೆ ಅದನ್ನೂ ಬಿಡಿಸಿ ಹೇಳದೆ ಬಾಯಿಪಾಠ ಮಾಡಿಸಲಾಗಿತ್ತಲ್ಲ! ದ್ಯುತಿ ಎಂದರೂ ಫೋಟೋ ಎಂದರೂ ಬೆಳಕು. ಸಂಶ್ಲೇಷಣೆ ಎಂದರೂ ಸಿಂಥೆಸಿಸ್ ಎಂದರೂ ಕೂಡಿಸುವಿಕೆ. ಎರಡು ನಿಮಿಷದ ಈ ವಿವರಣೆಗೆ ಸಮಯವಿಲ್ಲವೆನ್ನುವವರು, ಇಪ್ಪತ್ತು ಪದಗಳ ಉಕ್ತಲೇಖನಕ್ಕೆ ಅರ್ಧ ಗಂಟೆಯನ್ನು ಎಲ್ಲಿಂದ ತರುತ್ತಾರೋ ತಿಳಿಯದು.