ಪುಸ್ತಕದ ಕಪಾಟಿಗೆ ಕಾರ್ಯಕ್ರಮ ಬೇಕೇ?

ಪ್ರಾಥಮಿಕ ಶಾಲೆಯ ಮಕ್ಕಳನ್ನು ಓದಿಗೆ ಹಚ್ಚಬೇಕು ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಹೇಗೆ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಗ್ರಂಥಾಲಯದ ಅವಧಿಯಲ್ಲಿ ಗಟ್ಟಿ ಓದು, ಕಥೆ ಹೇಳುವುದು, ಗೋಡೆ ಪತ್ರಿಕೆ, ಪುಸ್ತಕ ಜಾತ್ರೆ, ಸ್ಪರ್ಧೆ ಇವನ್ನೆಲ್ಲ ವಾರವಾರವೂ ನಡೆಸಬೇಕೇ? ಇಲ್ಲ, ಪುಸ್ತಕವನ್ನೂ ಹೊತ್ತನ್ನೂ ಕೊಟ್ಟು ಮಕ್ಕಳನ್ನು ಅವರ ಪಾಡಿಗೆ ಬಿಡಬೇಕೇ?

ಹುಬ್ಬಳ್ಳಿಯ ದೇಶಪಾಂಡೆ ನಗರವನ್ನು ಕಣ್ಣ ಮುಂದಿಟ್ಟುಕೊಂಡು ಇಲ್ಲಿ ಎರಡು ವಾದಗಳಿವೆ. ಸವಾಯಿ ಗಂಧರ್ವ ಸಭಾಭವನ ಇರುವ ಈ ಬಡಾವಣೆಯಲ್ಲಿ ಓದಿದವರ ಮನೆಗಳಿಗೆ ಕೊರತೆಯಿಲ್ಲ. ಮನೆಗೆಲಸಕ್ಕೆ, ಅಂಗಡಿ ಕೆಲಸಕ್ಕೆ ಬರುವವರ ಮಕ್ಕಳೂ ಇದೇ ಸುತ್ತಿನ ಶಾಲೆಗಳಿಗೆ ಹೋಗುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಪತ್ರಿಕೆ, ನಿಯತಕಾಲಿಕ, ಕಥೆಪುಸ್ತಕಗಳಿರುವ ಗ್ರಂಥಾಲಯ ಇರಬೇಕೆಂದು ಹೇಳಿದೆ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಹಂತಕ್ಕೆ ತಕ್ಕಂತೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನವಿದೆ. ಪ್ರಾಥಮಿಕ ಶಾಲೆಗೆ ಗ್ರಂಥಪಾಲಕರ ಹುದ್ದೆ ಮಾತ್ರ ಇಲ್ಲ. ಇಡೀ ಚರ್ಚೆಯ ಬೇರು ಅಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಕಪಾಟು ತೆರೆಯುವವರು ಯಾರು, ತೆರೆದ ಮೇಲೆ ಏನು ಮಾಡುವವರು ಯಾರು?

ಪರ: ಪುಸ್ತಕ ತಾನಾಗಿ ಬಾಯಿ ಬಿಡುವುದಿಲ್ಲ

ಎರಡನೇ ತರಗತಿಯ ಮಗುವಿನ ಮುಂದೆ ಕನ್ನಡ ಕಥೆಪುಸ್ತಕ ಇಟ್ಟು "ಓದು, ನಿನಗೆ ಸ್ವಾತಂತ್ರ್ಯವಿದೆ" ಎಂದರೆ ಅದು ಸ್ವಾತಂತ್ರ್ಯವಲ್ಲ. ಕನ್ನಡದ ಲಿಪಿಯನ್ನು ಕಲಿಯಲು ಮಕ್ಕಳಿಗೆ ವರ್ಷಗಳೇ ಬೇಕು. ಮೂಲಾಕ್ಷರ ಬಂತು ಅನ್ನುವಷ್ಟರಲ್ಲಿ ಕಾಗುಣಿತ, ಕಾಗುಣಿತ ಹಿಡಿತಕ್ಕೆ ಬಂತು ಅನ್ನುವಷ್ಟರಲ್ಲಿ ಒತ್ತಕ್ಷರ. ಕರ್ನಾಟಕದ ಮಕ್ಕಳ ಓದನ್ನು ಅಭ್ಯಾಸ ಮಾಡಿದ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಕನ್ನಡದ ಅಕ್ಷರಜ್ಞಾನ ನಾಲ್ಕನೇ ತರಗತಿಯ ಹೊತ್ತಿಗೂ ಪೂರ್ತಿಯಾಗಿರುವುದಿಲ್ಲ ಎಂದು ತೋರಿಸಿದರು. ಹಾಗಾದರೆ ಆ ನಾಲ್ಕು ವರ್ಷ ಮಗುವಿಗೂ ಕಥೆಗೂ ನಡುವೆ ಇರುವವರು ಯಾರು? ಯಾರಾದರೂ ಓದಿ ಹೇಳಬೇಕು. ಮಗುವಿನ ಕಣ್ಣು ಚಿತ್ರದ ಮೇಲೆ, ಕಿವಿ ಅಕ್ಕೋರ ದನಿಯ ಮೇಲೆ ಇರಬೇಕು. ಗಟ್ಟಿ ಓದು ಎಂಬ ಚಟುವಟಿಕೆಯ ಅಗತ್ಯ ಇಷ್ಟು ಸರಳವಾದದ್ದು.

ಮನೆಯಲ್ಲಿ ಈ ಕೆಲಸ ಆಗುತ್ತದೆ ಎಂದು ನಂಬಿ ಕೂರುವ ಹಾಗಿಲ್ಲ. ಹುಬ್ಬಳ್ಳಿಯ ತರಗತಿಯೊಂದರಲ್ಲಿ ಕನ್ನಡ, ಉರ್ದು, ಮರಾಠಿ, ಗುಜರಾತಿ, ಕೊಂಕಣಿ, ಲಂಬಾಣಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ. ಕನ್ನಡವೇ ಮನೆಮಾತಾದ ಮಗುವೂ ಇಂಗ್ಲಿಷ್ ಮಾಧ್ಯಮದಲ್ಲಿದ್ದರೆ ಕನ್ನಡವನ್ನು ಪಠ್ಯಪುಸ್ತಕದ ಆಚೆ ಕಾಣುವುದು ಅಂಗಡಿಯ ಬೋರ್ಡಿನಲ್ಲಿ ಮಾತ್ರ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಎಲ್ಲ ಶಾಲೆಗಳಲ್ಲೂ ಕನ್ನಡ ಕಲಿಸುವುದನ್ನು ಕಡ್ಡಾಯ ಮಾಡಿತು, ಸರಿ. ಆದರೆ ಪರೀಕ್ಷೆಗೆ ಓದುವ ಕನ್ನಡ ಬೇರೆ, ನಗುತ್ತ ಓದುವ ಕನ್ನಡ ಬೇರೆ. ಎರಡನೆಯದು ಸಿಗಬೇಕಾದ ಜಾಗ ಗ್ರಂಥಾಲಯ.

ಹಳ್ಳಿಯ ಮಕ್ಕಳಿಗಾಗಿ 2020ರಲ್ಲಿ 'ಓದುವ ಬೆಳಕು' ಆರಂಭವಾಯಿತು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳನ್ನು ಸದಸ್ಯರನ್ನಾಗಿ ಮಾಡಿಕೊಂಡು ಕಥೆ, ಆಟ, ಗಟ್ಟಿ ಓದು ನಡೆಸುವ ಕೆಲಸ ಅದು. ಅಲ್ಲಿ ಫಲ ಕಂಡವರು ಪುಸ್ತಕದ ಜೊತೆಗೆ ಚಟುವಟಿಕೆಯೂ ಇದ್ದದ್ದನ್ನು ಮರೆಯಬಾರದು. ಮಹಾನಗರ ಪಾಲಿಕೆಯ ವಾರ್ಡಿನಲ್ಲಿರುವ ಮಗುವಿಗೆ ಪಂಚಾಯಿತಿಯ ಆ ಯೋಜನೆ ತಲುಪುವುದಿಲ್ಲ. ಅದಕ್ಕೆ ಉಳಿದದ್ದು ಶಾಲೆಯ ಕಪಾಟು.

ಫಿಲಿಪ್ಪೀನ್ಸ್‌ನ ತಾರ್ಲಾಕ್ ಪ್ರಾಂತ್ಯದ ಉದಾಹರಣೆಯನ್ನು ಇಲ್ಲಿ ಹೇಳಲೇಬೇಕು. 2009ರಲ್ಲಿ ಅಲ್ಲಿನ 100 ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಆಯ್ದ ಶಾಲೆಗಳ ನಾಲ್ಕನೇ ತರಗತಿಗೆ ವಯಸ್ಸಿಗೆ ತಕ್ಕ ಪುಸ್ತಕಗಳನ್ನು ಕೊಟ್ಟು, ಶಿಕ್ಷಕರಿಗೆ ತರಬೇತಿ ನೀಡಿ, 31 ದಿನಗಳ ಓದಿನ ಉತ್ಸವ ನಡೆಸಿದರು. ಉಳಿದ ಶಾಲೆಗಳಿಗೆ ಹೋಲಿಸಿದರೆ ಈ ಮಕ್ಕಳ ಓದಿನ ಅಂಕ ಏರಿತು. ಉತ್ಸವ ಮುಗಿದ ಮೇಲೂ ಅವರು ಬೇರೆ ಮಕ್ಕಳಿಗಿಂತ ಹೆಚ್ಚು ಪುಸ್ತಕ ಓದುತ್ತಿದ್ದರು. ಆ ತಿಂಗಳು ಅಲ್ಲಿ ಪುಸ್ತಕದ ಜೊತೆ ಶಿಕ್ಷಕರೂ ಇದ್ದರು, ಅವರಿಗೆ ಏನು ಮಾಡಬೇಕೆಂಬುದೂ ತಿಳಿದಿತ್ತು.

ಇನ್ನೊಂದು ಮಾತಿದೆ, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ಕನ್ನಡದ ಮಕ್ಕಳ ಸಾಹಿತ್ಯ ಇವತ್ತು ಬಹಳ ಒಳ್ಳೆಯ ಕಾಲದಲ್ಲಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲ ಪುರಸ್ಕಾರ 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ, 2023ರಲ್ಲಿ ವಿಜಯಶ್ರೀ ಹಾಲಾಡಿಯವರ 'ಸೂರಕ್ಕಿ ಗೇಟ್'ಗೆ, 2024ರಲ್ಲಿ ಕೃಷ್ಣಮೂರ್ತಿ ಬಿಳಿಗೆರೆಯವರ 'ಛೂಮಂತ್ರಯ್ಯನ ಕಥೆಗಳು' ಕೃತಿಗೆ ಬಂತು. ಪಕ್ಕದ ಧಾರವಾಡದಲ್ಲೇ ಆನಂದ ಪಾಟೀಲರಂಥವರು ಮಕ್ಕಳಿಗಾಗಿ ಬರೆಯುತ್ತ ಬಂದಿದ್ದಾರೆ. ಈ ಪುಸ್ತಕಗಳ ಹೆಸರನ್ನೇ ಕೇಳದ ಮಗು ಕಪಾಟಿನ ಮುಂದೆ ನಿಂತು ಯಾವುದನ್ನು ಆರಿಸೀತು? ರಟ್ಟು ಹೊಳೆಯುವುದನ್ನು ಎತ್ತಿಕೊಳ್ಳುತ್ತದೆ, ಎರಡು ಪುಟ ತಿರುವುತ್ತದೆ, ಇಡುತ್ತದೆ. ಅಕ್ಕೋರು ಒಂದು ಕಥೆಯನ್ನು ಅರ್ಧ ಓದಿ ಪುಸ್ತಕ ಮುಚ್ಚಿದರೆ, ಅವಧಿ ಮುಗಿದ ಮೇಲೆ ಅದೇ ಪುಸ್ತಕಕ್ಕೆ ನಾಲ್ಕು ಕೈ ಚಾಚುತ್ತವೆ. ಇದಕ್ಕೆ ಬ್ಯಾನರ್ ಬೇಡ, ಬಹುಮಾನ ಬೇಡ. ವಾರಕ್ಕೆ ಒಂದು ಅವಧಿ ಮತ್ತು ತಯಾರಿ ಮಾಡಿಕೊಂಡು ಬಂದ ಒಬ್ಬರು ಸಾಕು. ಆ ಅವಧಿಯನ್ನು ಗಣಿತದ ಉಳಿದ ಪಾಠಕ್ಕೆ ಬಿಟ್ಟುಕೊಡಬಾರದು ಎಂಬುದಷ್ಟೇ ನನ್ನ ಹಟ.

ವಿರೋಧ: ಓದನ್ನು ಕಾರ್ಯಕ್ರಮ ಮಾಡಬೇಡಿ

ಮೇಲಿನ ವಾದ ಹೇಳುವ ಗ್ರಂಥಾಲಯ ಸಿಗುವುದಾದರೆ ನಾನು ವಿರೋಧಿಸುತ್ತಲೇ ಇರಲಿಲ್ಲ. ತಯಾರಿ ಮಾಡಿಕೊಂಡು ಬಂದ ಒಬ್ಬರು ಕೂತು ಕಥೆ ಓದುವುದನ್ನು ಯಾರು ಬೇಡವೆಂದಾರು? ಶಾಲೆಗಳಲ್ಲಿ ಚಟುವಟಿಕೆ ಎಂಬ ಹೆಸರಿನಲ್ಲಿ ನಡೆಯುವುದು ಅದಲ್ಲ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹದಲ್ಲಿ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸುತ್ತಾರೆ, ಮಕ್ಕಳ ಕೈಯಲ್ಲಿ ಒಂದೊಂದು ಹಿಡಿಸುತ್ತಾರೆ, ಫೋಟೋ ತೆಗೆದು ಗುಂಪಿಗೆ ಹಾಕುತ್ತಾರೆ, ವರದಿ ಬರೆಯುತ್ತಾರೆ. ಇಪ್ಪತ್ತೊಂದನೇ ತಾರೀಖು ಬೀಗ. ಶಿಕ್ಷಕರನ್ನು ದೂರಿ ಫಲವಿಲ್ಲ. ಗಣತಿ, ಮೌಲ್ಯಮಾಪನ, ಬಿಸಿಯೂಟದ ಲೆಕ್ಕ, ಆನ್‌ಲೈನ್ ದಾಖಲೆ ಇವುಗಳ ನಡುವೆ ಇರುವವರಿಗೆ ಚಟುವಟಿಕೆ ಎಂದರೆ ತುಂಬಬೇಕಾದ ಇನ್ನೊಂದು ನಮೂನೆ. ಮೇಲಿನಿಂದ ಬಂದ ಯಾವ ಒಳ್ಳೆಯ ಕೆಲಸವೂ ಈ ದಾರಿಯಲ್ಲಿ ಸವೆದು ದಾಖಲೆಯಾಗಿಬಿಡುತ್ತದೆ.

ಸ್ಪರ್ಧೆಯ ಮಾತು ಇನ್ನೂ ಗಂಭೀರ. ಅತಿ ಹೆಚ್ಚು ಪುಸ್ತಕ ಓದಿದವರಿಗೆ ಬಹುಮಾನ, ಓದಿದ ಪ್ರತಿ ಪುಸ್ತಕಕ್ಕೆ ಗೋಡೆಯ ಮರಕ್ಕೊಂದು ಕಾಗದದ ಎಲೆ. ಮಕ್ಕಳು ಜಾಣರು, ತೆಳ್ಳನೆಯ ಪುಸ್ತಕ ಹುಡುಕುತ್ತಾರೆ. ದೇಶಪಾಂಡೆ ನಗರದ ಓದಿದ ಮನೆಯ ಮಗುವಿನ ಹೆಸರಿನಲ್ಲಿ ಎಲೆ ತುಂಬುತ್ತದೆ. ಒತ್ತಕ್ಷರಕ್ಕೆ ತಡವರಿಸುವ ಮಗು ದಿನಾ ಆ ಗೋಡೆಯ ಮುಂದೆ ಹಾದು ಹೋಗುತ್ತ ತಾನು ಓದುವವರ ಪೈಕಿ ಅಲ್ಲ ಎಂದು ಕಲಿಯುತ್ತದೆ. ಗ್ರಂಥಾಲಯ ಯಾವ ಮಗುವಿಗಾಗಿ ಇದೆಯೋ ಅದೇ ಮಗುವನ್ನು ಹೊರಗೆ ನಿಲ್ಲಿಸುವ ಏರ್ಪಾಡು ಇದು. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿಸಿಕೊಂಡ ಮಕ್ಕಳು, ಪ್ರಶಸ್ತಿ ಮುಗಿದ ಮೇಲೆ ಮುಂಚಿಗಿಂತ ಕಡಿಮೆ ಹೊತ್ತು ಚಿತ್ರ ಬಿಡಿಸಿದರು. ಏನನ್ನೂ ಹೇಳಿಸಿಕೊಳ್ಳದ ಮಕ್ಕಳ ಆಸೆ ಹಾಗೇ ಉಳಿಯಿತು.

ಫಿಲಿಪ್ಪೀನ್ಸ್‌ನ ಉತ್ಸವದ ಕಥೆಯನ್ನು ಪೂರ್ತಿ ಹೇಳೋಣ. ಉತ್ಸವ ಮುಗಿದ ಕೂಡಲೇ ಕಂಡ ಲಾಭ ಮೂರು ತಿಂಗಳ ನಂತರ ಅಳೆದಾಗ ಅರ್ಧಕ್ಕಿಳಿದಿತ್ತು. ನಮ್ಮ ರಾಜ್ಯದ ಅನುಭವವೂ ಇದೆ. ಅಕ್ಷರ ಫೌಂಡೇಷನ್ ಎಂಬ ಸಂಸ್ಥೆಯ ಗ್ರಂಥಾಲಯ ಕಾರ್ಯಕ್ರಮದಲ್ಲಿ ಕೆಲವು ಶಾಲೆಗಳಲ್ಲಿ ಗ್ರಂಥಾಲಯವೇ ಇತ್ತು, ಸುತ್ತಲಿನ ಶಾಲೆಗಳಿಗೆ ಗ್ರಂಥಪಾಲಕರು ಪುಸ್ತಕ ಒಯ್ಯುತ್ತಿದ್ದರು. ಅದನ್ನು ಬಾರ್ಕಮ್, ಹೀ, ಲಿಂಡನ್ ಎಂಬ ಸಂಶೋಧಕರು 16 ತಿಂಗಳ ನಂತರ ಅಳೆದು 2012ರಲ್ಲಿ ವರದಿ ಮಾಡಿದರು. ಮಕ್ಕಳ ಭಾಷಾ ಪರೀಕ್ಷೆಯ ಅಂಕದಲ್ಲಿ ಯಾವ ಏರಿಕೆಯೂ ಇರಲಿಲ್ಲ. ಇದರಿಂದ ಗ್ರಂಥಾಲಯವೇ ದಂಡ ಎಂದು ನಾನು ಹೇಳುವುದಿಲ್ಲ. ಪರೀಕ್ಷೆಯ ಅಂಕವೇ ಓದಿನ ಅಳತೆಯೂ ಅಲ್ಲ. ಆದರೆ ವ್ಯವಸ್ಥೆ ಚೆನ್ನಾಗಿದ್ದರೆ ಫಲ ತಾನಾಗಿ ಬರುತ್ತದೆ ಎಂಬ ಭರವಸೆಯನ್ನು ಇಷ್ಟು ಗಟ್ಟಿಯಾಗಿ ಕೊಡುವವರು ಈ ವರದಿಗೂ ಉತ್ತರ ಕೊಡಬೇಕಾಗುತ್ತದೆ. ಅಕ್ಷರ ಕೂಡಿಸಲು ಬಾರದ ಮಗುವಿಗೆ ಬೇಕಾದದ್ದು ತರಗತಿಯಲ್ಲಿ ಓದು ಕಲಿಸುವುದು. ಮಕ್ಕಳ ಕಲಿಕೆಯನ್ನು ಅಳೆಯುವ 'ಅಸರ್' ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಭಾಗದಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲ ಐದನೇ ತರಗತಿ ಮಕ್ಕಳ ಪ್ರಮಾಣ 2018ರಲ್ಲಿ ಶೇ. 50.5 ಇದ್ದದ್ದು 2022ರಲ್ಲಿ ಶೇ. 42.8ಕ್ಕೆ ಇಳಿಯಿತು. ಓದು ಕಲಿಸುವ ಹೊಣೆಯನ್ನು ಗ್ರಂಥಾಲಯದ ಚಟುವಟಿಕೆಯ ಹೆಗಲಿಗೆ ದಾಟಿಸುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಹಾಗಾದರೆ ಏನು ಬೇಕು? ಪುಸ್ತಕ ಮನೆಗೆ ಹೋಗಬೇಕು. ಹೇಳಲು ಇಷ್ಟೇ, ಮಾಡಲು ಇದೇ ಅತ್ಯಂತ ಕಷ್ಟ. "ಅಕ್ಕೋರ, ಇದನ್ನ ಮನಿಗೆ ಒಯ್ಯಲೇನ್ರೀ?" ಎಂದು ಕೇಳುವ ಮಗುವಿಗೆ ಬಹಳ ಕಡೆ ಸಿಗುವ ಉತ್ತರ, "ಹರದೀ, ಇಲ್ಲೇ ಓದು." ಆ ಉತ್ತರದ ಹಿಂದೆ ಭಯವಿದೆ. ದಾಸ್ತಾನು ಪುಸ್ತಕದಲ್ಲಿ ಬರೆದದ್ದು ತಪಾಸಣೆಯ ದಿನ ಕಪಾಟಿನಲ್ಲಿ ಇರಬೇಕು, ಇಲ್ಲವಾದರೆ ಮುಖ್ಯಗುರುಗಳು ಉತ್ತರ ಕೊಡಬೇಕು. ಪುಸ್ತಕ ಇರುವುದು ಬಳಕೆಗಾಗಿ ಎಂಬುದನ್ನು ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯದ ಮೊದಲ ಸೂತ್ರವಾಗಿ ಇಟ್ಟರು. ನಮ್ಮ ಶಾಲೆಗಳಲ್ಲಿ ಪುಸ್ತಕ ಇರುವುದು ಲೆಕ್ಕಕ್ಕಾಗಿ. ಒಂದು ಮಗು ಪುಸ್ತಕ ಒಯ್ದರೆ ಮನೆಯಲ್ಲಿ ತಂಗಿ ನೋಡುತ್ತಾಳೆ, ಅಕ್ಷರ ಬಲ್ಲ ಅಣ್ಣ ಓದಿ ಹೇಳುತ್ತಾನೆ, ಅವ್ವ ಕೆಲಸದ ನಡುವೆ ಕಿವಿಗೊಡುತ್ತಾಳೆ. ಶಾಲೆಯ ಯಾವ ಉತ್ಸವವೂ ಈ ಮನೆಯೊಳಗೆ ಕಾಲಿಡಲಾರದು.

ಆದ್ದರಿಂದ ಇಲಾಖೆ ಚಟುವಟಿಕೆಗಳ ಪಟ್ಟಿಯನ್ನು ಬೆಳೆಸುವ ಬದಲು ಒಂದು ಸುತ್ತೋಲೆ ಹೊರಡಿಸಲಿ: ಪ್ರತಿ ವರ್ಷ ಇಷ್ಟು ಭಾಗ ಪುಸ್ತಕ ಹರಿದರೂ ಕಳೆದರೂ ಶಾಲೆಯಿಂದ ವಸೂಲಿ ಇಲ್ಲ, ದಾಸ್ತಾನಿನಿಂದ ತೆಗೆದುಹಾಕಲು ಮುಖ್ಯಗುರುಗಳ ಸಹಿ ಸಾಕು. ಎರವಲು ವಹಿಯನ್ನು ನಾಲ್ಕು, ಐದನೇ ತರಗತಿಯ ಮಕ್ಕಳೇ ಬರೆಯಲಿ. ಕಪಾಟಿನ ಬೀಗದ ಕೈ ಮುಖ್ಯಗುರುಗಳ ಮೇಜಿನ ಒಳಗೆ ಇರುವುದು ಬೇಡ. ತಿಂಗಳಿಗೊಮ್ಮೆ ಮಕ್ಕಳು ಚೀಲವಿಲ್ಲದೆ ಬರುವ ಸಂಭ್ರಮ ಶನಿವಾರದಂದು ಬರಿಗೈಲಿ ಬಂದವರು ಒಂದೊಂದು ಪುಸ್ತಕ ಹಿಡಿದು ಮನೆಗೆ ಹೋಗಲಿ, ಸೋಮವಾರ ಯಾರೂ ಅವರನ್ನು ಕಥೆಯ ಸಾರಾಂಶ ಕೇಳದಿರಲಿ. ಇಷ್ಟು ಒಂದು ವರ್ಷ ನಡೆದ ಮೇಲೆ ಜಾತ್ರೆಯ ಮಾತು ಎತ್ತಿದರೆ, ನಾನೂ ಬಂದು ಮೇಜು ಜೋಡಿಸುತ್ತೇನೆ.