ಕಲ್ಲಿನ ಲೆಕ್ಕ ಯಾರ ಖಾತೆಗೆ?

ಮುಂಬಯಿ–ಆಗ್ರಾ ಹೆದ್ದಾರಿಯಲ್ಲಿ ನಾಶಿಕವನ್ನು ದಾಟಿ ಸುಮಾರು ನೂರು ಕಿಲೋಮೀಟರು ಹೋದರೆ ಮೋಸಮ್ ನದಿಯ ದಂಡೆಯ ಮೇಲೆ ಮಾಲೇಗಾಂವ್ ಪಟ್ಟಣವಿದೆ. ವಿದ್ಯುನ್ಮಗ್ಗಗಳ ಸದ್ದೇ ಆ ಊರಿನ ಉಸಿರು. 1857ರ ಬಂಡಾಯದ ತರುವಾಯ ಉತ್ತರದ ಸೀಮೆಗಳಿಂದ ಬದುಕನ್ನರಸಿ ಬಂದ ಮುಸ್ಲಿಂ ನೇಕಾರರು ಅಲ್ಲಿ ಮಗ್ಗ ಹೂಡಿದರು. ಅವರ ಮೊಮ್ಮಕ್ಕಳ ಮಕ್ಕಳು ಇಂದಿಗೂ ಅದೇ ಕಸುಬಿನಲ್ಲಿದ್ದಾರೆ. ಊರು ಬಿಟ್ಟು ಊರಿಗೆ ಬಂದು ಅನ್ನ ದುಡಿಯುವುದೆಂದರೇನೆಂಬುದು ನಮ್ಮ ವಾಚಕರಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಮಗ್ಗ ನಿಂತ ದಿನ ನೇಕಾರನಿಗೆ ಕೂಲಿಯಿಲ್ಲ. ಬಾಗಿಲು ಎಳೆದ ದಿನ ಹೊಟೇಲಿನಲ್ಲಿ ವ್ಯಾಪಾರವಿಲ್ಲ. ಈ ಒಂದು ಸಾಮ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನ ಮಾತುಗಳನ್ನು ಓದಬೇಕೆಂದು ನಾವು ವಿನಂತಿಸುತ್ತೇವೆ.

2021ರ ನವೆಂಬರ್ 12ರ ಶುಕ್ರವಾರ ಮಾಲೇಗಾಂವದಲ್ಲಿ ಬಂದ್ ಆಚರಿಸಲಾಯಿತು. ದೂರದ ತ್ರಿಪುರದಲ್ಲಿ ಮುಸ್ಲಿಮರ ಮೇಲೆ ನಡೆದ ದೌರ್ಜನ್ಯವನ್ನು ಖಂಡಿಸುವುದು ಅದರ ಉದ್ದೇಶ. ಖಂಡನೆಗಾಗಿ ಸೇರಿದ ಜನರಲ್ಲಿ ಕೆಲವರು ಕಲ್ಲು ಕೈಗೆತ್ತಿಕೊಂಡರು. ಅಂಗಡಿಗಳಿಗೆ ಪೆಟ್ಟು ಬಿತ್ತು, ಪೋಲೀಸರು ಗಾಯಗೊಂಡರು. ಅದೇ ದಿನ ನಾಂದೇಡದಲ್ಲಿಯೂ ಅಮರಾವತಿಯಲ್ಲಿಯೂ ಇದೇ ಬಗೆಯ ಘಟನೆಗಳು ನಡೆದವು. ಮರುದಿನ ಅಮರಾವತಿಯಲ್ಲಿ ಇದಕ್ಕೆ ಪ್ರತಿಯಾಗಿ ಮತ್ತೊಂದು ಬಂದ್, ಅದರಲ್ಲಿಯೂ ಕಲ್ಲು, ಬೆಂಕಿ, ಕೊನೆಗೆ ಕರ್ಫ್ಯೂ.

ಈ ಕಲ್ಲಿನ ಮೂಲವನ್ನು ಹುಡುಕುತ್ತ ಹೋದರೆ ನಾವು ತ್ರಿಪುರದಲ್ಲಿಯೂ ನಿಲ್ಲುವಂತಿಲ್ಲ. 2021ರ ಅಕ್ಟೋಬರ್ 13ರಂದು ಬಾಂಗ್ಲಾದೇಶದ ಕೊಮಿಲ್ಲಾದಲ್ಲಿ ದುರ್ಗಾಪೂಜೆಯ ಮಂಟಪದೊಳಗೆ ಕುರಾನಿನ ಪ್ರತಿಯೊಂದು ಕಂಡುಬಂತು. ಅದರ ದೃಶ್ಯ ಫೇಸ್‌ಬುಕ್ಕಿನಲ್ಲಿ ಹರಡಿತು. ಹಿಂದುಗಳೇ ಅಪಚಾರ ಮಾಡಿದರೆಂದು ಬಗೆದು ಅಲ್ಲಿನ ಜಿಲ್ಲೆ ಜಿಲ್ಲೆಗಳಲ್ಲಿ ಗುಡಿಗಳ ಮೇಲೆ, ಮನೆಗಳ ಮೇಲೆ ಜನ ಬಿದ್ದರು, ಪ್ರಾಣಗಳೂ ಹೋದವು. ಆ ಪ್ರತಿಯನ್ನು ಅಲ್ಲಿಟ್ಟವನು ಹಿಂದುವಾಗಿರದೆ ಮುಸ್ಲಿಮನೇ ಆಗಿದ್ದನೆಂದು ಪೋಲೀಸರು ಕ್ಯಾಮೆರಾ ಚಿತ್ರಗಳಿಂದ ಗುರುತಿಸುವ ಹೊತ್ತಿಗೆ ಆಗಬಾರದುದೆಲ್ಲ ಆಗಿಹೋಗಿತ್ತು. ಅದರ ಸೇಡೆಂಬಂತೆ ತ್ರಿಪುರದಲ್ಲಿ ಮುಸ್ಲಿಮರ ಅಂಗಡಿ ಮನೆಗಳಿಗೆ ಹಾನಿಯಾಯಿತು. ಅಲ್ಲಿ ನಿಜವಾಗಿ ನಡೆದುದರ ಜೊತೆಗೆ ನಡೆಯದೆ ಇದ್ದುದರ ಚಿತ್ರಗಳೂ ಬೆರೆತು ದೇಶದ ತುಂಬ ಸಂಚರಿಸಿದವು. ಹೀಗೆ ಒಂದು ತಿಂಗಳೊಳಗೆ ಕೊಮಿಲ್ಲಾದ ಒಂದು ದೃಶ್ಯ ಮಾಲೇಗಾಂವದ ಒಂದು ಕಲ್ಲಾಯಿತು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟು ಎಂಬ ಗಾದೆ ನಮ್ಮ ಹಿರಿಯರ ಕಾಲದಲ್ಲಿ ನಗೆಯ ಮಾತಾಗಿತ್ತು. ಈಗ ಅದು ನೆತ್ತರಿನ ಮಾತಾಗಿದೆ.

ಕಲ್ಲೆಸೆದವರಲ್ಲೊಬ್ಬನೂ ಕೊಮಿಲ್ಲಾವನ್ನು ಕಂಡವನಾಗಿರಲಾರ. ಒಡೆದ ಬಾಗಿಲಿನ ಒಡೆಯನೂ ತ್ರಿಪುರಕ್ಕೆ ಹೋದವನಾಗಿರಲಾರ. ನೊಂದವನು ಒಬ್ಬ, ನೋಯಿಸಿದವನು ಇನ್ನೊಬ್ಬ, ದಂಡ ತೆತ್ತವನು ಮೂರನೆಯವನು. ನಾವು ಇಂದು ಹೇಳಬಯಸುವ ಮಾತಿನ ತಿರುಳು ಇಷ್ಟೇ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅದು ಅರ್ಧ ಸತ್ಯವಾದೀತು. ಅದೇ ಊರಿನಲ್ಲಿ ಇಪ್ಪತ್ತು ವರುಷಗಳ ಹಿಂದೆ, 2001ರ ಅಕ್ಟೋಬರ್ 26ರ ಶುಕ್ರವಾರ, ನಮಾಜು ಮುಗಿಸಿ ಹೊರಬರುತ್ತಿದ್ದ ಜನರಿಗೆ ಕರಪತ್ರಗಳನ್ನು ಹಂಚಲಾಗುತ್ತಿತ್ತು. ಅಫಘಾನಿಸ್ತಾನದ ಮೇಲೆ ಅಮೆರಿಕೆಯು ಬಾಂಬು ಸುರಿಸುತ್ತಿದ್ದ ದಿನಗಳವು. ಅಮೆರಿಕೆಯ ಸರಕನ್ನು ಕೊಳ್ಳಬೇಡಿರೆಂಬುದು ಆ ಕರಪತ್ರದ ಕರೆ. ಪರದೇಶೀ ವಸ್ತುಗಳ ಬಹಿಷ್ಕಾರವನ್ನು ಸಾರಿಯೇ ಸ್ವಾತಂತ್ರ್ಯವನ್ನು ಪಡೆದ ದೇಶದಲ್ಲಿ ಇದಕ್ಕಿಂತ ಸಾಧುವಾದ ಪ್ರತಿಭಟನೆ ಇನ್ನಾವುದಿದ್ದೀತು? ಆದರೆ ಪೋಲೀಸರು ಕರಪತ್ರಗಳನ್ನು ಕಸಿದುಕೊಂಡರು. ಮಾತಿಗೆ ಮಾತು ಬೆಳೆಯಿತು, ಕಲ್ಲುಗಳು ಹಾರಿದವು, ಪೋಲೀಸರು ಗುಂಡು ಹಾರಿಸಿದರು. ಗಲಭೆ ಸುತ್ತಲಿನ ಹಳ್ಳಿಗಳಿಗೂ ಹಬ್ಬಿ ಹತ್ತಕ್ಕೂ ಹೆಚ್ಚು ಮಂದಿ ಮೃತರಾದರು. 2021ರಲ್ಲಿ ಜನರು ಚಿತ್ರವನ್ನು ಅತಿಯಾಗಿ ನಂಬಿದರು. 2001ರಲ್ಲಿ ಸರಕಾರವು ಕಾಗದಕ್ಕೆ ಅತಿಯಾಗಿ ಅಂಜಿತು. ಎರಡು ಸಲವೂ ನಿಂತದ್ದು ಮಗ್ಗ, ಆರಿದ್ದು ಒಲೆ.

ಮಾಲೇಗಾಂವದ ಜನ ಸ್ವಭಾವತಃ ಕೋಪಿಷ್ಠರು, ವಿನೋದವನ್ನು ಸಹಿಸಲಾರದವರು ಎಂದು ಯಾರೂ ತಿಳಿಯಬಾರದು. ‘ಶೋಲೆ’ಯನ್ನು ಅಣಕಿಸಿ 2000ದಲ್ಲಿ ತಮ್ಮದೇ ಚಿತ್ರವೊಂದನ್ನು ತಯಾರಿಸಿ, ನೋಡಿ, ನಕ್ಕು ನಲಿದ ಊರದು. ಬಡ ನೇಕಾರನನ್ನೇ ನಾಯಕನನ್ನಾಗಿ ಮಾಡಿ ಸೂಪರ್‌ಮ್ಯಾನನನ್ನು ಗೇಲಿ ಮಾಡಿದವರೂ ಅವರೇ. ನಗಬಲ್ಲ ಊರನ್ನು ಕೆರಳಿಸಬಲ್ಲವರು ಎಲ್ಲೆಡೆಯೂ ಇರುತ್ತಾರೆ ಎಂಬುದೇ ಸತ್ಯ.

ನಮ್ಮ ನಾಡನ್ನೇ ನೋಡೋಣ. 1986ರ ದಶಂಬರದಲ್ಲಿ ಬೆಂಗಳೂರಿನ ‘ಡೆಕ್ಕನ್ ಹೆರಾಲ್ಡ್’ ಪತ್ರಿಕೆಯ ರವಿವಾರದ ಪುರವಣಿಯಲ್ಲಿ ಮಲಯಾಳದಿಂದ ಭಾಷಾಂತರಗೊಂಡ ಒಂದು ಸಣ್ಣ ಕತೆ ಪ್ರಕಟವಾಯಿತು. ಕತೆಯ ಹುಡುಗನ ಹೆಸರು ಪ್ರವಾದಿಯವರ ಹೆಸರೇ ಆಗಿತ್ತು. ಶೀರ್ಷಿಕೆಯಲ್ಲಿ ಆ ಹೆಸರಿನೊಡನೆ ಹೀನಾರ್ಥದ ಶಬ್ದವೊಂದು ಸೇರಿತ್ತು. ಬೆಂಗಳೂರು, ಮೈಸೂರುಗಳಲ್ಲಿ ಗಲಭೆಯೆದ್ದು ಹತ್ತಾರು ಜೀವಗಳು ಹೋದವು. 2010ರ ಮಾರ್ಚ್ 1ರಂದು, ‘ಕನ್ನಡಪ್ರಭ’ದಲ್ಲಿ ಬುರಖಾ ಕುರಿತು ತಸ್ಲಿಮಾ ನಸ್ರೀನರ ಹೆಸರಿನಲ್ಲಿ ಬಂದ ಲೇಖನದ ಕಾರಣದಿಂದ ಶಿವಮೊಗ್ಗ, ಹಾಸನಗಳು ಹೊತ್ತಿದವು, ಶಿವಮೊಗ್ಗದಲ್ಲಿ ಇಬ್ಬರು ಸತ್ತರು. ತಾವು ಆ ಪತ್ರಿಕೆಗೆ ಏನನ್ನೂ ಬರೆದಿಲ್ಲವೆಂದು ಲೇಖಕಿ ಹೇಳಿದುದು ಬೆಂಕಿ ಹತ್ತಿದ ಮೇಲೆ.

ಇವೆರಡನ್ನೂ ಎತ್ತಿ ಹೇಳಿ, ನೋಡಿರಿ, ಇದು ಒಂದೇ ಮತದವರ ಚಾಳಿಯೆಂದು ತೀರ್ಪು ಕೊಡುವವರಿದ್ದಾರೆ. ಅವರು 2004ರ ಜನವರಿಯ ಪುಣೆಯನ್ನು ನೆನೆಯಬೇಕು. ಶಿವಾಜಿ ಮಹಾರಾಜರನ್ನು ಕುರಿತು ಅಮೆರಿಕೆಯ ವಿದ್ವಾಂಸನೊಬ್ಬ ಬರೆದ ಗ್ರಂಥದ ಮೇಲಣ ಸಿಟ್ಟನ್ನು, ಅವನಿಗೆ ನೆರವಾದರೆಂಬ ಒಂದೇ ನೆಪದಿಂದ, ಭಾಂಡಾರಕರ ಸಂಶೋಧನಾ ಮಂದಿರದ ಹಸ್ತಪ್ರತಿಗಳ ಮೇಲೆ ತೀರಿಸಿಕೊಂಡವರು ಯಾರು? ಇನ್ನೂ ಸಮೀಪಕ್ಕೆ ಬರುವುದಾದರೆ, 1994ರ ಅಕ್ಟೋಬರಿನಲ್ಲಿ ಬೆಂಗಳೂರು ದೂರದರ್ಶನದಲ್ಲಿ ಹತ್ತು ನಿಮಿಷಗಳ ಉರ್ದು ವಾರ್ತೆ ಆರಂಭವಾದುದಕ್ಕೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಅದು ಹತ್ತಿಕೊಂಡದ್ದು ನಮ್ಮ ಕನ್ನಡದ ಹೆಸರಿನಲ್ಲಿ. ಇದನ್ನು ಬರೆಯುವಾಗ ನಮಗೆ ನಾಚಿಕೆಯಾಗುತ್ತದೆ, ಆದರೂ ಬರೆಯದಿರಲಾರೆವು.

ಏಕೆಂದರೆ ಅಚ್ಚಿನ ಮಾತು ಕಲ್ಲಾಗುವ ಬಗೆಯನ್ನು ಮುಂಬಯಿಯ ಕನ್ನಡಿಗರು ಪುಸ್ತಕದಿಂದ ತಿಳಿದವರಲ್ಲ. 1960ರಲ್ಲಿ ಹುಟ್ಟಿದ ‘ಮಾರ್ಮಿಕ’ ವಾರಪತ್ರಿಕೆಯು ಕಛೇರಿಗಳಲ್ಲಿದ್ದ ದಕ್ಷಿಣದವರ ಹೆಸರುಗಳನ್ನು ಪಟ್ಟಿ ಮಾಡಿ ಅಚ್ಚು ಹಾಕುತ್ತಿತ್ತು. ಆ ದಶಕದ ಕೊನೆಯ ವರುಷಗಳಲ್ಲಿ ಉಡುಪಿ ಹೊಟೇಲುಗಳ ಗಾಜುಗಳು ಒಡೆದವು. 1969ರ ಫೆಬ್ರುವರಿಯ ಗಡಿ ಗಲಭೆಯಲ್ಲಂತೂ ನಗರವೇ ನಡುಗಿತು. ಅಂದು ಗಲ್ಲೆಯ ಮೇಲೆ ಕುಳಿತವನೂ, ತಿಂಡಿ ಹಂಚುತ್ತಿದ್ದ ಮಾಣಿಯೂ, ಕಛೇರಿಯ ಗುಮಾಸ್ತನೂ ಯಾವ ಗಡಿಯನ್ನೂ ಗೆರೆ ಎಳೆದವರಲ್ಲ. ಆದರೂ ಲೆಕ್ಕ ಬಿದ್ದದ್ದು ಅವರ ಖಾತೆಗೆ.

ಹಾಗಾದರೆ ಮಾಡತಕ್ಕದ್ದೇನು? ನೋಯಿಸುವ ಬರಹವನ್ನೆಲ್ಲ ನಿಷೇಧಿಸಿಬಿಡಬೇಕೆಂದು ಕೆಲವರು ಹೇಳುತ್ತಾರೆ. ಈ ಸಲಹೆಯನ್ನು ನಾವು ಒಪ್ಪಲಾರೆವು. ಕಲ್ಲಿಗೆ ಅಂಜಿ ಒಂದು ಪುಸ್ತಕವನ್ನು ನಿಷೇಧಿಸಿದರೆ, ಕಲ್ಲೆಸೆದರೆ ಫಲವುಂಟೆಂಬ ಪಾಠವನ್ನು ಸರಕಾರವೇ ಕಲಿಸಿದಂತಾಗುತ್ತದೆ; ಇಂದು ಒಂದು ಮತದವರು ಕಲಿತುದನ್ನು ನಾಳೆ ಇನ್ನೊಂದು ಮತದವರು ಕಲಿಯುತ್ತಾರೆ. ಚಲನಚಿತ್ರವೊಂದರ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು 1989ರಲ್ಲಿ ಇದನ್ನೇ ಹೇಳಿತು: ಗಲಭೆಯಾದೀತೆಂಬ ಬೆದರಿಕೆಯನ್ನು ಮುಂದಿಟ್ಟು ಮಾತಿನ ಸ್ವಾತಂತ್ರ್ಯವನ್ನು ಅಡಗಿಸತಕ್ಕದ್ದಲ್ಲ, ಗಲಭೆಯನ್ನು ತಡೆಯುವುದೇ ಸರಕಾರದ ಹೊಣೆ.

ಆದರೆ ನೊಂದವರ ನೋವು ಸುಳ್ಳೆಂದು ನಾವು ಹೇಳುವುದಿಲ್ಲ. ತಾಯಿಯ ಹೆಸರನ್ನು ಕೀಳಾಗಿ ಆಡಿದರೆ ಸಿಟ್ಟು ಬಾರದವನು ಯಾರು? ದೇವರ ವಿಷಯವೂ ಹಾಗೆಯೇ. ಅದಕ್ಕಾಗಿಯೇ ಕಾಯಿದೆಯೂ ಇದೆ. ಲಾಹೋರಿನ ಒಂದು ಕಿರುಹೊತ್ತಿಗೆಯ ಗದ್ದಲದ ನಂತರ 1927ರಲ್ಲಿ ದಂಡಸಂಹಿತೆಗೆ 295-ಎ ಕಲಮನ್ನು ಸೇರಿಸಲಾಯಿತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 299ನೆಯ ಕಲಮಾಗಿ ನಿಂತಿದೆ. ಬುದ್ಧಿಪೂರ್ವಕವಾಗಿ, ದುರುದ್ದೇಶದಿಂದ ಮತವನ್ನು ಅವಮಾನಿಸಿದವನಿಗೆ ಮಾತ್ರ ಅದು ಅನ್ವಯಿಸುತ್ತದೆಂದೂ, ಅರಿಯದೆ ಅಥವಾ ಎಚ್ಚರಗೇಡಿತನದಿಂದ ಆಡಿದ ಮಾತಿಗೆ ಅನ್ವಯಿಸದೆಂದೂ ಸುಪ್ರೀಂ ಕೋರ್ಟು 1957ರಲ್ಲಿಯೇ ಸ್ಪಷ್ಟಪಡಿಸಿದೆ. ನೊಂದವನು ದೂರು ಕೊಡಲಿ, ಸಭೆ ಸೇರಲಿ, ಪತ್ರಿಕೆಯನ್ನು ಕೊಳ್ಳುವುದನ್ನು ಬಿಡಲಿ, ಉತ್ತರ ಬರೆಯಲಿ. ಈ ಎಲ್ಲ ದಾರಿಗಳೂ ತೆರೆದಿರಬೇಕು. 2001ರಲ್ಲಿ ಮಾಲೇಗಾಂವದ ಕರಪತ್ರ ಹಿಡಿದದ್ದೂ ಇಂಥ ದಾರಿಯನ್ನೇ. ಆ ದಾರಿಗೆ ಸರಕಾರವು ಅಡ್ಡ ನಿಂತರೆ ಕಲ್ಲಿನ ದಾರಿಯನ್ನು ತೋರಿಸಿದಂತಾಗುತ್ತದೆ.

ಪತ್ರಿಕೆಯವರಾದ ನಮಗೂ ಒಂದು ಕರ್ತವ್ಯವಿದೆ. ಅಂಜಿಕೆಯಿಂದ ಬರೆಯದಿರುವುದು ಹೇಡಿತನ. ಆದರೆ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವನ ಮನಸ್ಸನ್ನು ಅರಿತು ಬರೆಯುವುದು ಸೌಜನ್ಯ. ಇವೆರಡನ್ನೂ ಒಂದೇ ಎಂದು ಭ್ರಮಿಸಬಾರದು. ಒಂದು ಮತವನ್ನು ವಿಮರ್ಶಿಸುವ ಲೇಖನಕ್ಕೆ ನಮ್ಮ ಅಂಕಣಗಳಲ್ಲಿ ಎಂದಿಗೂ ಸ್ಥಳವುಂಟು. ಬರಿಯ ಕೆರಳಿಸುವುದಕ್ಕಾಗಿ ಬರೆದುದಕ್ಕೆ ಇಲ್ಲ.

ಕೊನೆಯದಾಗಿ ನಮ್ಮ ಹೊಟೇಲು ಬಂಧುಗಳಿಗೂ ಗುಮಾಸ್ತ ಮಿತ್ರರಿಗೂ ಒಂದು ಮಾತು. ಕೆಲಸ ಮುಗಿಸಿ ರಾತ್ರಿ ಮಲಗುವ ಮುನ್ನ ನಿಮ್ಮ ಮೊಬೈಲಿಗೆ ಒಂದು ಚಿತ್ರ ಬರುತ್ತದೆ: ಎಲ್ಲಿಯೋ ಗುಡಿ ಒಡೆಯಿತು, ಎಲ್ಲಿಯೋ ಮಸೀದಿ ಸುಟ್ಟಿತು ಎಂದು. ಅದು ಯಾವ ಊರಿನದು, ಯಾವ ವರುಷದ್ದು, ಕಂಡವರು ಯಾರು ಎಂದು ಕೇಳದೆ ಮುಂದಿನವನಿಗೆ ದಾಟಿಸಬೇಡಿರಿ. ನೀವು ದಾಟಿಸಿದ್ದು ಯಾವ ಊರಿನಲ್ಲಿ ಕಲ್ಲಾಗುವುದೋ ನಿಮಗೆ ತಿಳಿಯದು. ಹೊಟೇಲಿನ ಮೇಜಿನ ಮುಂದೆ ಕುಳಿತವನ ಮತವನ್ನು ಕೇಳಿ ನೀವು ಚಹಾ ಇಟ್ಟವರಲ್ಲ. ಆ ಮೇಜು ಕಲಿಸಿದ ನಡತೆಯನ್ನು ಮೊಬೈಲಿನಲ್ಲಿಯೂ ಪಾಲಿಸಿರಿ. ಕಲ್ಲು ಎಸೆದವನ ಹೆಸರು ಎಷ್ಟೋ ಸಲ ಪತ್ತೆಯಾಗುವುದಿಲ್ಲ. ಆದರೆ ಅಂದಿನ ಕೂಲಿ ಕಳೆದುಕೊಂಡವನ ಹೆಸರು ಅವನ ಮನೆಯವರಿಗೆಲ್ಲ ಗೊತ್ತಿರುತ್ತದೆ.