"ಇನ್ಶೂರೆನ್ಸ್‌ಗೆ ಏನೂ ಆಗಲ್ಲ ಬ್ರೋ" ಅನ್ನೋ ಸುಳ್ಳು

(1)
ಬೆಂಗಳೂರಿನ ಜೆ.ಸಿ. ರೋಡಲ್ಲಿ ಆಗ್ಲಿ, ನಿಮ್ಮೂರ ಬಸ್ ಸ್ಟ್ಯಾಂಡ್ ಹಿಂದಿನ ಅಕ್ಸೆಸರೀಸ್ ಅಂಗಡಿಯಲ್ಲಿ ಆಗ್ಲಿ, ಕೇಳಿ ನೋಡಿ: "ಅಣ್ಣಾ, ಇದು ಹಾಕಿಸಿದ್ರೆ ಇನ್ಶೂರೆನ್ಸ್‌ಗೆ ತೊಂದ್ರೆ ಆಗುತ್ತಾ?" ಉತ್ತರ ಗೊತ್ತಿರೋದೇ. "ಏನೂ ಆಗಲ್ಲ ಬ್ರೋ, ಎಲ್ರೂ ಹಾಕಿಸ್ತಾರೆ." ಎಲ್ರೂ ಹಾಕಿಸ್ತಾರೆ ಅನ್ನೋದು ನಿಜ. ಏನೂ ಆಗಲ್ಲ ಅನ್ನೋದು ಶುದ್ಧ ಸುಳ್ಳು.

ಗಾಡಿ ಚೆನ್ನಾಗಿ ಕಾಣ್ಬೇಕು ಅನ್ನೋ ಆಸೆ ಜೊತೆ ನನಗೆ ಜಗಳ ಇಲ್ಲ. ಜಗಳ ಇರೋದು ಆ ಒಂದು ಮಾತಿನ ಜೊತೆ, ಅದನ್ನೇ ರೀಲ್ಸ್‌ನಲ್ಲಿ ಮ್ಯೂಸಿಕ್ ಹಾಕಿ ಹಂಚೋರ ಜೊತೆ.

(2)
ಮೊದಲು ಒಂದು ವಿಷಯ ಕ್ಲಿಯರ್ ಮಾಡ್ಕೊಳ್ಳೋಣ. ಒಂದೇ ಪಾಲಿಸಿ ಪೇಪರ್‌ನಲ್ಲಿ ಎರಡು ವಿಮೆ ಇರುತ್ತೆ. ಒಂದು ಥರ್ಡ್ ಪಾರ್ಟಿ. ಇದು ಕಡ್ಡಾಯ, ರೇಟನ್ನ ಸರ್ಕಾರವೇ ನಿಗದಿ ಮಾಡುತ್ತೆ. 2022ರ ಜೂನ್‌ನಲ್ಲಿ ಬಂದ ದರದಲ್ಲಿ 1000ದಿಂದ 1500 ಸಿಸಿ ಒಳಗಿನ ಕಾರಿಗೆ ವರ್ಷಕ್ಕೆ 3,416 ರೂಪಾಯಿ. ನಿಮ್ಮ ಗಾಡಿಯಿಂದ ಪೆಟ್ಟಾದವರಿಗೆ ಈ ಭಾಗದಿಂದ ಪರಿಹಾರ ಹೋಗುತ್ತೆ. ಕಂಪನಿ ಯಾವ ಕಾರಣ ಕೊಟ್ಟು ತಪ್ಪಿಸ್ಕೋಬಹುದು ಅನ್ನೋ ಪಟ್ಟಿ ಮೋಟಾರು ವಾಹನ ಕಾಯ್ದೆಯ 150ನೇ ಸೆಕ್ಷನ್‌ನಲ್ಲೇ ಇದೆ. ಅಲಾಯ್ ವೀಲ್ ಅದರಲ್ಲಿ ಇಲ್ಲ.

ಎರಡನೇದು ಓನ್ ಡ್ಯಾಮೇಜ್, ಅಂದ್ರೆ ನಿಮ್ಮ ಗಾಡಿಗೇ ಆದ ನಷ್ಟ. ಇದು ನಿಮಗೂ ಕಂಪನಿಗೂ ನಡುವಿನ ಒಪ್ಪಂದ. ನೀವು ಯಾವ ಗಾಡಿ ಅಂತ ಹೇಳಿದ್ರೋ ಆ ಗಾಡಿಗೆ ಮಾತ್ರ ಅವರು ಒಪ್ಪಿರೋದು. ಹೇಳಿದ್ದೊಂದು, ರೋಡಲ್ಲಿ ಓಡ್ತಿರೋದು ಇನ್ನೊಂದು ಅಂತ ಆದ್ರೆ ಕ್ಲೇಮ್ ಅಲ್ಲೇ ಒದ್ದಾಡುತ್ತೆ.

(3)
ಈಗ ಹೆಡ್‌ಲೈಟ್ ಕಥೆ. ಇದನ್ನ ಸ್ವಲ್ಪ ನಿಧಾನವಾಗಿ ಓದಿ, ಫಿಸಿಕ್ಸ್ ಪಿಯುಸಿಗೇ ಮುಗೀತು ಅಂದ್ಕೊಂಡವರು ಕೂಡ.

ಮಾಮೂಲಿ ಹ್ಯಾಲೋಜೆನ್ ಹೆಚ್4 ಬಲ್ಬ್ ಹೈಬೀಮ್‌ನಲ್ಲಿ 60 ವಾಟ್, ಲೋಬೀಮ್‌ನಲ್ಲಿ 55 ವಾಟ್. 12 ವೋಲ್ಟ್ ಬ್ಯಾಟರಿಯಿಂದ 60 ವಾಟ್ ಬಲ್ಬ್ ಎಳೆಯೋದು 5 ಆಂಪಿಯರ್. "ಪವರ್ ಜಾಸ್ತಿ ಇರೋದು ಕೊಡಿ" ಅಂತ 100 ವಾಟ್ ಹಾಕಿಸಿದ್ರೆ 8.3 ಆಂಪಿಯರ್. ವೈರ್ ಮಾತ್ರ ಅದೇ ಹಳೇದು. ವೈರ್ ಬಿಸಿಯಾಗೋದು ಕರೆಂಟಿನ ವರ್ಗಕ್ಕೆ ತಕ್ಕ ಹಾಗೆ, ಅಂದ್ರೆ ಅದೇ ವೈರಿನಲ್ಲಿ ಶಾಖ ಹತ್ತಿರ ಹತ್ತಿರ 2.8 ಪಟ್ಟು. ಫ್ಯೂಸ್ ಹೋಗ್ತಾ ಇದೆಯಾ? ಅಂಗಡಿಯವನು ದೊಡ್ಡ ಫ್ಯೂಸ್ ಹಾಕ್ತಾನೆ. ಕಾಯೋಕೆ ಇದ್ದ ಕಾವಲುಗಾರನ್ನೇ ಮನೆಗೆ ಕಳಿಸಿದ ಹಾಗೆ. ಆಮೇಲೆ ಒರಿಜಿನಲ್ ವೈರನ್ನ ಮಧ್ಯದಲ್ಲಿ ಕತ್ತರಿಸಿ, ಸುತ್ತಿ, ಕಪ್ಪು ಟೇಪ್. ಮಳೆಗಾಲ ಬಂತು, ಬೇಸಿಗೆ ಬಂತು, ಟೇಪ್ ಬಿಟ್ಕೊಂಡ್ತು.

ಬೆಂಕಿ ಬಿದ್ರೆ ಕಂಪನಿಯಿಂದ ಸರ್ವೇಯರ್ ಬರ್ತಾರೆ. ಅವರಿಗೆ ನಿಮ್ಮ ಇನ್‌ಸ್ಟಾ ಪೇಜ್ ಬೇಡ. ಬಾನೆಟ್ ಎತ್ತಿ, ಉಳಿದಿರೋ ವೈರಿಂಗ್‌ನ ಫೋಟೋ ತೆಗೀತಾರೆ, "ಅನಧಿಕೃತ ಎಲೆಕ್ಟ್ರಿಕಲ್ ಬದಲಾವಣೆ" ಅಂತ ರಿಪೋರ್ಟ್ ಬರೀತಾರೆ. "ಏನೂ ಆಗಲ್ಲ ಬ್ರೋ" ಅಂದವನು ಆ ದಿನ ಫೋನ್ ಎತ್ತಲ್ಲ. ಸಾಲದಲ್ಲಿ ತಗೊಂಡ ಕಾರಾದ್ರೆ ಸುಟ್ಟ ಗಾಡಿಗೂ ಇಎಂಐ ಕಟ್ತಾನೇ ಇರ್ಬೇಕು. ಬ್ಯಾಂಕಿಗೆ ಕ್ಲೇಮ್ ರಿಜೆಕ್ಟ್ ಆಗಿದ್ದು ಸಂಬಂಧವೇ ಇಲ್ಲ.

(4)
ಹೇಳಿದ್ರೆ ಎಷ್ಟು ಖರ್ಚು? ಇದನ್ನ ಯಾರೂ ಲೆಕ್ಕ ಹಾಕೋದೇ ಇಲ್ಲ, ನನಗೆ ಸಿಟ್ಟು ಬರೋದೇ ಇಲ್ಲಿ. ಭಾರತದ ಮೋಟಾರ್ ಟ್ಯಾರಿಫ್ ಲೆಕ್ಕದಲ್ಲಿ, ಕಂಪನಿ ಫಿಟ್ ಮಾಡದ ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ ಸಾಮಾನಿಗೆ ಅದರ ಬೆಲೆಯ 4% ಹೆಚ್ಚುವರಿ ಪ್ರೀಮಿಯಂ. 40,000 ರೂಪಾಯಿಯ ಸ್ಪೀಕರ್, ಆಂಪ್ ಸೆಟ್‌ಗೆ ವರ್ಷಕ್ಕೆ 1,600, ಜಿಎಸ್‌ಟಿ ಬೇರೆ. ಸಿಎನ್‌ಜಿ ಕಿಟ್‌ಗೂ ಅದೇ 4%, ಜೊತೆಗೆ ಥರ್ಡ್ ಪಾರ್ಟಿ ಭಾಗಕ್ಕೆ 60 ರೂಪಾಯಿ. ಹೌದು, ಬರೀ ಅರವತ್ತು! ಸಬ್ ವೂಫರ್‌ಗೆ 40,000 ಎಣಿಸಿ ಕೊಡೋ ಕೈ 1,600ಕ್ಕೆ ನಡುಗುತ್ತೆ. ಹೇಳದೇ ಇಟ್ಟ ಸೆಟ್ ಕಳುವಾದ್ರೆ ಕೈಗೆ ಬರೋದು ಸೊನ್ನೆ.

ಸಿಎನ್‌ಜಿಗೆ ಇನ್ನೊಂದು ಕೆಲ್ಸ ಇದೆ: ಒಪ್ಪಿಗೆ ಪಡೆದ ಕಿಟ್ಟೇ ಆಗಿರ್ಬೇಕು, ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸ್ಬೇಕು. ಅದಿಲ್ಲದೆ ಕ್ಲೇಮ್‌ಗೆ ಹೋಗೋದು ಹಾಲ್ ಟಿಕೆಟ್ ಇಲ್ಲದೆ ಎಕ್ಸಾಂಗೆ ಹೋದ ಹಾಗೆ.

(5)
ಇನ್ನು ಕೆಲವು ಐಟಂ ಹೇಳಿದ್ರೂ ಉಳಿಯಲ್ಲ, ಯಾಕಂದ್ರೆ ಅವು ಕಾನೂನಿಗೇ ವಿರುದ್ಧ. ಬುಲ್ ಬಾರ್ ವಿರುದ್ಧ ಕ್ರಮ ತಗೊಳ್ಳಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲೇ ರಾಜ್ಯಗಳಿಗೆ ಬರೆದಿತ್ತು. ಅದು ನೋಡೋಕೆ ಗಟ್ಟಿ, ಆದ್ರೆ ಮುಂಭಾಗ ಮುದುಡಿ ಪೆಟ್ಟು ಹೀರ್ಕೊಳ್ಳೋ ವ್ಯವಸ್ಥೆಯನ್ನೇ ಕೆಡಿಸುತ್ತೆ, ಏರ್‌ಬ್ಯಾಗ್ ಸೆನ್ಸರ್‌ಗೂ ಗೊಂದಲ ಮಾಡಬಹುದು.

ಸೆಕ್ಷನ್ 52ರ ಬಗ್ಗೆ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ, ಕೇರಳದಿಂದ ಬಂದ ಕೇಸಲ್ಲಿ ಸ್ಪಷ್ಟವಾಗಿ ಹೇಳಿದೆ: ತಯಾರಕರು ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿರೋ ವಿವರಕ್ಕೂ ವ್ಯತ್ಯಾಸ ಬರೋ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಅದೇ ವರ್ಷ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ ಪ್ರಕಾರ ಕಾನೂನು ಒಪ್ಪದ ಪ್ರತಿ ಬದಲಾವಣೆಗೂ 5,000 ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಯಾರಿಗೆ? ಮಾಲೀಕರಿಗೆ. ನಮ್ಮ ಕ್ಲಾಸಿನ ಪಾರ್ಕಿಂಗ್‌ನಲ್ಲಿ ನಿಂತಿರೋ ಕಾರುಗಳ ಆರ್‌ಸಿ ಯಾರ ಹೆಸರಲ್ಲಿದೆ, ಯೋಚ್ನೆ ಮಾಡಿ. ಲೈಕ್ ನಿಮಗೆ, ಕೇಸ್ ಅಪ್ಪನಿಗೆ.

ಅದೇ ಸೆಕ್ಷನ್‌ನಲ್ಲಿ, ನಿಯಮಕ್ಕೆ ಹೊಂದದ ಸುರಕ್ಷತಾ ಭಾಗ ಮಾರೋರಿಗೆ ಪ್ರತಿ ಭಾಗಕ್ಕೆ 1 ಲಕ್ಷ ದಂಡವೂ ಇದೆ. ಸೈಲೆನ್ಸರ್‌ಗಳ ಮೇಲೆ ರೋಡ್ ರೋಲರ್ ಓಡ್ಸಿದ ವಿಡಿಯೋ ನಾವೆಲ್ಲ ನೋಡಿದ್ದೀವಿ. ಅದನ್ನ ಮಾರಿದ ಅಂಗಡಿ ಮೇಲೆ ಕೇಸ್ ಹಾಕಿದ ವಿಡಿಯೋ ನಾನಂತೂ ನೋಡಿಲ್ಲ.

(6)
ಕಂಪನಿಗಳು ಸಾಚಾ ಅಂತ ಅಂದ್ಕೋಬೇಡಿ. ರಿನ್ಯೂವಲ್ ಸಮಯದಲ್ಲಿ "ಅಕ್ಸೆಸರೀಸ್ ಮೌಲ್ಯ" ಅನ್ನೋ ಪುಟ್ಟ ಡಬ್ಬಿ ಇರುತ್ತೆ, ಪ್ರೀಮಿಯಂ ಕಮ್ಮಿ ತೋರ್ಸೋಕೆ ಅಲ್ಲಿ ಸೊನ್ನೆ ಬಿಟ್ಟೇ ಮುಂದೆ ಹೋಗೋ ಏಜೆಂಟರಿದ್ದಾರೆ. ವರ್ಷವರ್ಷ ದುಡ್ಡು ತಗೊಳ್ಳುವಾಗ ಗಾಡಿ ನೋಡದವರು, ದುಡ್ಡು ಕೊಡುವಾಗ ಟಾರ್ಚ್ ಹಿಡಿದು ಹುಡುಕ್ತಾರೆ. ಸಿಗ್ನಲ್‌ನಲ್ಲಿ ನಿಂತಿದ್ದ ಕಾರಿಗೆ ಹಿಂದಿನಿಂದ ಯಾರೋ ಗುದ್ದಿದ್ರೆ, ಅದಕ್ಕೂ ನಿಮ್ಮ ಸ್ಪೀಕರ್‌ಗೂ ಏನು ಸಂಬಂಧ? ಇಂಥ ಕಾರಣ ಕೊಟ್ಟು ಪೂರ್ತಿ ಕ್ಲೇಮ್ ತಳ್ಳಿಹಾಕಿದ್ರೆ ಸುಮ್ನಿರ್ಬೇಡಿ. ಮೊದಲು ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಸರಿಯಾದ ಉತ್ತರ ಬರ್ಲಿಲ್ಲ ಅಂದ್ರೆ ಬೆಂಗಳೂರು ಜೆ.ಪಿ. ನಗರದಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ. ಫೀಸೂ ಬೇಡ, ವಕೀಲರೂ ಬೇಡ.

(7)
ಈ ವಾರ ಮನೆಯಲ್ಲಿ ಪಾಲಿಸಿಯ ಪಿಡಿಎಫ್ ತೆಗೀರಿ. ಎಲೆಕ್ಟ್ರಿಕಲ್ ಅಕ್ಸೆಸರೀಸ್ ಅನ್ನೋ ಕಡೆ ಎಷ್ಟಿದೆ ನೋಡಿ. ಅಲ್ಲಿ ಸೊನ್ನೆ ಇದ್ದು, ಡಿಕ್ಕಿಯಲ್ಲಿ ಆಂಪ್ ಇದ್ರೆ, ಬಿಲ್ ಸೇರಿಸಿ ಕಂಪನಿಗೆ ಮೇಲ್ ಹಾಕಿ, ಎಂಡಾರ್ಸ್‌ಮೆಂಟ್ ಕೇಳಿ. ಬಿಲ್ ಕೊಡದ ಅಂಗಡಿಗೆ ಮತ್ತೆ ಹೋಗ್ಬೇಡಿ. ಬುಲ್ ಬಾರ್ ಇದ್ರೆ ಬಿಚ್ಚಿಸಿ. ಡೌಟ್ ಇದ್ರೆ ಕಾಮೆಂಟಲ್ಲಿ ಹಾಕಿ, ಪಾಲಿಸಿ ನಂಬರ್ ಮಾತ್ರ ಹಾಕ್ಬೇಡಿ ಮಾರಾಯ್ರೆ.

#ಕಾರ್_ಮಾಡಿಫಿಕೇಷನ್ #ಇನ್ಶೂರೆನ್ಸ್ #ಅಪ್ಪನ_ಕಾರು